ಮನೆಯಿಂದ ಹೊರಬಿದ್ದ ವಸ್ತು ಆಮೇಲೆ ಏನಾಗುತ್ತದೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದವು. ಬಾಟಲಿ, ಬ್ಯಾಟರಿ, ಹಳೇ ಫೋನು, ಫ್ರಿಜ್ಜು, ಬಟ್ಟೆ ಚೀಲ. ಇವೆಲ್ಲ ನಮ್ಮ ಕೈಬಿಟ್ಟ ಮೇಲೆ ಏನಾಗುತ್ತವೆ, ನಾವು ಮಾಡಬೇಕಾದ್ದೇನು ಅಂತ ತುಂಬಾ ಜನ ಕೇಳಿದ್ದೀರಿ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಕ್ಕೆ ಹಾಕಿ ಇಡೀ ಅಂಕಣವನ್ನು ಇದಕ್ಕೇ ಕೊಟ್ಟಿದ್ದೇನೆ. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇನೆ. ಓದುತ್ತಾ ಹೋದರೆ ಒಂದು ವಿಷಯ ಮತ್ತೆ ಮತ್ತೆ ಎದುರಾಗುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ: ಬೇರೆ ಬೇರೆಯಾಗಿ ಉಳಿದ ವಸ್ತುವಿಗೆ ಇನ್ನೊಂದು ಜನ್ಮ ಉಂಟು, ಬೆರೆತುಹೋದದ್ದಕ್ಕೆ ಬಹಳ ಕಷ್ಟ.

ಪ್ರಶ್ನೆ: ಪ್ಲಾಸ್ಟಿಕ್ ಡಬ್ಬಿಯ ತಳದಲ್ಲಿ ಬಾಣಗಳ ತ್ರಿಕೋನ, ಅದರೊಳಗೆ ಒಂದು ಸಂಖ್ಯೆ ಇರುತ್ತದೆ. ಅದು ಇದ್ದರೆ ರೀಸೈಕಲ್ ಆಗುತ್ತದೆ ಅಂತ ತಾನೇ ಅರ್ಥ?

ಅಲ್ಲ. ಈ ವಿಷಯದಲ್ಲಿ ಇಡೀ ಪ್ರಪಂಚವೇ ದಾರಿ ತಪ್ಪಿದೆ, ಅದಕ್ಕೆ ಜನರನ್ನು ದೂರುವಂತಿಲ್ಲ. ಆ ಸಂಖ್ಯೆಗಳನ್ನು ತಂದದ್ದು ಅಮೆರಿಕದ ಪ್ಲಾಸ್ಟಿಕ್ ಉದ್ಯಮದ ಸಂಘ, 1988ರಲ್ಲಿ. ಇದು ಯಾವ ಜಾತಿಯ ಪ್ಲಾಸ್ಟಿಕ್ ಅಂತ ಗುರುತಿಸುವುದಷ್ಟೇ ಅದರ ಕೆಲಸ. 1 ಅಂದರೆ ಪೆಟ್, ನೀರಿನ ಬಾಟಲಿಯ ಪ್ಲಾಸ್ಟಿಕ್. 2 ಅಂದರೆ ಎಚ್‌ಡಿಪಿಇ, ಶಾಂಪೂ ಮತ್ತು ಫಿನೈಲ್ ಬಾಟಲಿಯಂಥ ಗಟ್ಟಿ ಬಾಟಲಿಗಳದ್ದು. 3 ಪಿವಿಸಿ, 4 ತೆಳು ಚೀಲಗಳ ಎಲ್‌ಡಿಪಿಇ, 5 ಪಾಲಿಪ್ರಾಪಿಲೀನ್, 6 ಪಾಲಿಸ್ಟೈರೀನ್, ಅಂದರೆ ಥರ್ಮೋಕೋಲ್ ಮನೆತನದ್ದು. 7 ಅಂದರೆ ಇವು ಯಾವುವೂ ಅಲ್ಲದ ಉಳಿದದ್ದೆಲ್ಲ. ಆದರೆ ಸಂಖ್ಯೆಯ ಸುತ್ತ ಹಾಕಿದ ಬಾಣಗಳು ಮಾತ್ರ ರೀಸೈಕಲ್ ಚಿಹ್ನೆಯ ಪಡಿಯಚ್ಚು. ಆ ಮೂಲ ಚಿಹ್ನೆ ಗ್ಯಾರಿ ಆಂಡರ್ಸನ್ ಎಂಬ ವಿದ್ಯಾರ್ಥಿ 1970ರಲ್ಲಿ ಒಂದು ರಟ್ಟಿನ ಪೆಟ್ಟಿಗೆ ಕಂಪನಿಯ ಸ್ಪರ್ಧೆಗೆ ಬರೆದದ್ದು. ಎರಡೂ ಒಂದೇ ಥರ ಕಂಡರೆ ಜನ ಒಂದೇ ಅಂದುಕೊಳ್ಳುವುದು ಸಹಜ ಅಲ್ವಾ? 2013ರಲ್ಲಿ ಬಾಣಗಳನ್ನು ತೆಗೆದು ಬರೀ ತ್ರಿಕೋನ ಹಾಕಬೇಕು ಅಂತ ಮಾನದಂಡ ಬದಲಾಯಿತು, ಆದರೂ ಹಳೇ ಅಚ್ಚುಗಳಲ್ಲಿ ಬಾಣ ಹಾಗೇ ಉಳಿದಿದೆ.

ಹಾಗಾದರೆ ನಿಜವಾಗಿ ಯಾವುದಕ್ಕೆ ಬೇಡಿಕೆ ಇದೆ? 1 ಮತ್ತು 2ಕ್ಕೆ ಬಹುತೇಕ ಎಲ್ಲ ಕಡೆ ಇದೆ. 5ಕ್ಕೆ ಕೆಲವು ಕಡೆ. 3, 6, 7 ಅಪರೂಪ. ಕಾರಣ ಸರಳ. ಪ್ರತಿ ಪ್ಲಾಸ್ಟಿಕ್ಕೂ ಬೇರೆ ಬೇರೆ ಬಿಸಿಯಲ್ಲಿ ಕರಗುತ್ತದೆ. ಎಚ್‌ಡಿಪಿಇ ಸುಮಾರು 130 ಡಿಗ್ರಿಗೆ ಕರಗಿದರೆ ಪೆಟ್‌ಗೆ ಸುಮಾರು 250 ಡಿಗ್ರಿ ಬೇಕು. ಪೆಟ್ ಕರಗಿಸುವ ಬಿಸಿಗೆ ಪಿವಿಸಿ ಚೂರು ಸಿಕ್ಕಿಬಿಟ್ಟರೆ ಅದು ಒಡೆದು ಆಮ್ಲ ಬಿಡುತ್ತದೆ, ಆ ಆಮ್ಲ ಪೆಟ್ ಅನ್ನೂ ಕೆಡಿಸುತ್ತದೆ, ಇಡೀ ಸರಕು ಹಳದಿಯಾಗಿ ಕಪ್ಪು ಚುಕ್ಕೆ ಬೀಳುತ್ತದೆ. ಸ್ವಲ್ಪ ಬೆರೆತರೂ ಸಾಕು.

ಇನ್ನು ತಿಂಡಿ ಪೊಟ್ಟಣದಂಥ ಹೊಳೆಯುವ ಕವರುಗಳು. ಅದರಲ್ಲಿ ಎರಡು ಮೂರು ಬಗೆಯ ಪ್ಲಾಸ್ಟಿಕ್ ಪದರ, ನಡುವೆ ಕಣ್ಣಿಗೆ ಕಾಣದಷ್ಟು ತೆಳು ಅಲ್ಯೂಮಿನಿಯಂ, ಎಲ್ಲ ಅಂಟಿಸಿರುತ್ತಾರೆ. ಬಿಡಿಸಲು ಲಾಭದಾಯಕ ದಾರಿ ಇಲ್ಲದ್ದರಿಂದ ಯಾರೂ ಬಿಡಿಸುವುದಿಲ್ಲ. ಕಪ್ಪು ಪ್ಲಾಸ್ಟಿಕ್ ಡಬ್ಬಿಯದ್ದು ಇನ್ನೊಂದು ಕಥೆ. ವಿಂಗಡಿಸುವ ಯಂತ್ರ ಕಣ್ಣಿಗೆ ಕಾಣದ ಬೆಳಕು ಬಿಟ್ಟು, ತಿರುಗಿ ಬಂದ ಬೆಳಕಿನಿಂದ ಇದು ಯಾವ ಪ್ಲಾಸ್ಟಿಕ್ ಅಂತ ಕಂಡುಹಿಡಿಯುತ್ತದೆ. ಕಪ್ಪು ಬಣ್ಣಕ್ಕೆ ಹಾಕುವ ಇಂಗಾಲದ ಪುಡಿ ಆ ಬೆಳಕನ್ನೆಲ್ಲ ನುಂಗಿಬಿಡುತ್ತದೆ. ಯಂತ್ರಕ್ಕೆ ಆ ಡಬ್ಬಿ ಕಾಣುವುದೇ ಇಲ್ಲ, ಕಸದ ಜೊತೆ ಹೋಗುತ್ತದೆ. ಬಣ್ಣ ಬೇರೆ ಆಗಿದ್ದರೆ ಅದೇ ಡಬ್ಬಿ ಉಳಿಯುತ್ತಿತ್ತು! ಕಂಪನಿಯವರು ಮನಸ್ಸು ಮಾಡಿದರೆ ತಪ್ಪಿಸಬಹುದಾದ ನಷ್ಟ ಇದು, ಅದಕ್ಕೇ ನನಗೆ ಇದರ ಮೇಲೆ ಸಿಟ್ಟು ಜಾಸ್ತಿ.

2017ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಲೆಕ್ಕ ಹೇಳುತ್ತೇನೆ. ಪ್ಲಾಸ್ಟಿಕ್ ಶುರುವಾದಾಗಿನಿಂದ 2015ರವರೆಗೆ ಜಗತ್ತು ಮಾಡಿದ ಪ್ಲಾಸ್ಟಿಕ್ಕು ಸುಮಾರು 830 ಕೋಟಿ ಟನ್. ಅದರಲ್ಲಿ 630 ಕೋಟಿ ಟನ್ ಆಗಲೇ ಕಸವಾಗಿತ್ತು. ಆ ಕಸದಲ್ಲಿ ರೀಸೈಕಲ್ ಆದದ್ದು ಶೇ 9 ಮಾತ್ರ. ಶೇ 12 ಸುಟ್ಟರು. ಉಳಿದ ಶೇ 79 ಗುಂಡಿಗಳಲ್ಲಿ, ನೆಲದ ಮೇಲೆ, ನೀರಿನಲ್ಲಿ ಹಾಗೇ ಇದೆ.

ಪ್ರಶ್ನೆ: ಬಾಟಲಿಯ ಮುಚ್ಚಳ ತೆಗೆದು ಹಾಕಬೇಕಾ, ಹಾಕಿಯೇ ಕೊಡಬೇಕಾ? ತೊಳೆಯಲೇಬೇಕಾ? ತೊಳೆಯುವ ನೀರು ದಂಡ ಅಲ್ವಾ?

ಮುಚ್ಚಳ ಬಿಗಿಯಾಗಿ ಹಾಕಿಯೇ ಕೊಡಿ, ನಿಮ್ಮಲ್ಲಿ ಕಸ ಒಯ್ಯುವವರು ಬೇಡ ಅಂದಿದ್ದರೆ ಮಾತ್ರ ತೆಗೆಯಿರಿ. ಬಿಡಿ ಮುಚ್ಚಳ ಚಿಕ್ಕದು, ಜರಡಿಯ ಕಿಂಡಿಯಿಂದ ಜಾರಿ ಕಳೆದುಹೋಗುತ್ತದೆ. ಬಾಟಲಿಗೆ ಅಂಟಿಕೊಂಡೇ ಹೋದರೆ ಕಾರ್ಖಾನೆಯಲ್ಲಿ ಎರಡನ್ನೂ ಚೂರು ಮಾಡಿ ನೀರಿನ ತೊಟ್ಟಿಗೆ ಹಾಕುತ್ತಾರೆ. ಪೆಟ್ ನೀರಿಗಿಂತ ಭಾರ, ಮುಳುಗುತ್ತದೆ. ಮುಚ್ಚಳದ ಪ್ಲಾಸ್ಟಿಕ್ ನೀರಿಗಿಂತ ಹಗುರ, ತೇಲುತ್ತದೆ. ಎರಡೂ ತಾವಾಗಿಯೇ ಬೇರೆಯಾಗುತ್ತವೆ! ಮುಚ್ಚಳ ಹಾಕುವ ಮೊದಲು ಬಾಟಲಿ ಪೂರ್ತಿ ಖಾಲಿ ಮಾಡಿ, ಗಾಳಿ ಹಿಂಡಿ ತೆಗೆಯಿರಿ.

ತೊಳೆಯುವುದು ಅಂದರೆ ಫಳಫಳ ಹೊಳೆಯುವ ಹಾಗೆ ಉಜ್ಜುವುದಲ್ಲ. ಪಾತ್ರೆ ತೊಳೆದು ಮುಗಿದ ನೀರಿನಲ್ಲೇ ಒಮ್ಮೆ ಕುಲುಕಿ ಚೆಲ್ಲಿದರೆ ಸಾಕು. ಇದನ್ನು ಮಾಡಬೇಕಾದ್ದು ಬಾಟಲಿಗಾಗಿ ಅಲ್ಲ, ಅದರ ಪಕ್ಕದಲ್ಲಿರುವ ಕಾಗದಕ್ಕಾಗಿ. ಉಳಿದ ಎಣ್ಣೆ, ಸಿಹಿ ಎಲ್ಲ ಸುರಿದು ಒಳ್ಳೆಯ ಕಾಗದವನ್ನೂ ಹಾಳು ಮಾಡುತ್ತದೆ. ಜೊತೆಗೆ ಇದನ್ನೆಲ್ಲ ಕೈಯಲ್ಲಿ ವಿಂಗಡಿಸುವವರು ಮನುಷ್ಯರು. ಕೊಳೆತ ವಾಸನೆಯ ನಡುವೆ ಅವರು ದಿನವಿಡೀ ನಿಲ್ಲಬೇಕು.

ಪ್ರಶ್ನೆ: ಒಡೆದ ಗಾಜಿನ ಲೋಟ, ಕನ್ನಡಿ, ಪಿಂಗಾಣಿ ತಟ್ಟೆ ಇವನ್ನು ಗಾಜಿನ ಬಾಟಲಿಗಳ ಜೊತೆ ಹಾಕಬಹುದಾ?

ಬೇಡ. ಬಾಟಲಿಯ ಗಾಜು ಅಂದರೆ ಮರಳು, ಸೋಡಾ, ಸುಣ್ಣಕಲ್ಲು ಸೇರಿಸಿ ಸುಮಾರು 1500 ಡಿಗ್ರಿಯಲ್ಲಿ ಕರಗಿಸಿದ್ದು. ಇದನ್ನು ಎಷ್ಟು ಸಲ ಬೇಕಾದರೂ ಕರಗಿಸಿ ಮತ್ತೆ ಬಾಟಲಿ ಮಾಡಬಹುದು, ಗುಣ ಕಡಿಮೆಯಾಗುವುದಿಲ್ಲ. ಹಳೇ ಗಾಜಿನ ಚೂರು ಕುಲುಮೆಗೆ ಶೇ 10ರಷ್ಟು ಸೇರಿಸಿದರೆ ಶಕ್ತಿಯ ಖರ್ಚು ಶೇ 2.5ರಿಂದ 3ರಷ್ಟು ಇಳಿಯುತ್ತದೆ. ಆದರೆ ಒಲೆಯ ಮೇಲೆ, ಓವನ್ನಿನಲ್ಲಿ ಇಡುವ ಗಾಜು ಬೇರೆ ಜಾತಿ, ಅದಕ್ಕೆ ಇನ್ನೂ ಹೆಚ್ಚು ಬಿಸಿ ಬೇಕು. ಪಿಂಗಾಣಿ ಆ ಕುಲುಮೆಯಲ್ಲಿ ಕರಗುವುದೇ ಇಲ್ಲ. ಅದರ ಒಂದು ಹರಳು ಹೊಸ ಬಾಟಲಿಯ ಗೋಡೆಯಲ್ಲಿ ಕಲ್ಲಿನ ಹಾಗೆ ಕೂತರೆ ಬಾಟಲಿ ಅಲ್ಲೇ ಬಿರುಕು ಬಿಡುತ್ತದೆ. ಒಡೆದ ಲೋಟವನ್ನು ದಪ್ಪ ಕಾಗದದಲ್ಲಿ ಸುತ್ತಿ, ಮೇಲೆ ‘ಗಾಜು’ ಅಂತ ಬರೆದು ಒಣ ಕಸಕ್ಕೆ ಕೊಡಿ.

ಅಂದ ಹಾಗೆ, ಬಾಟಲಿಯನ್ನು ಕರಗಿಸುವುದಕ್ಕಿಂತ ತೊಳೆದು ಮತ್ತೆ ತುಂಬಿಸುವುದು ಇನ್ನೂ ಒಳ್ಳೆಯದು, ತುಂಬಿಸುವ ಜಾಗ ತೀರಾ ದೂರ ಇಲ್ಲದಿದ್ದರೆ.

ಪ್ರಶ್ನೆ: ಕಾಗದವಂತೂ ಎಲ್ಲವೂ ರೀಸೈಕಲ್ ಆಗುತ್ತದೆ ಅಲ್ವಾ?

ಹೆಚ್ಚಿನದು ಆಗುತ್ತದೆ. ಕಾಗದದ ಒಳಗಿರುವುದು ಮರದ ನಾರು. ಪ್ರತಿ ಸಲ ನೀರಿನಲ್ಲಿ ಕಲಸಿ ಹೊಸ ಕಾಗದ ಮಾಡಿದಾಗಲೂ ಆ ನಾರು ತುಂಡಾಗುತ್ತಾ ಹೋಗುತ್ತದೆ, ಹೀಗೆ ಸುಮಾರು 5ರಿಂದ 7 ಸಲ ಬಳಸಬಹುದು. ಅದಕ್ಕೇ ಬರೆಯುವ ಕಾಗದ ಮುಂದೆ ಪತ್ರಿಕೆಯ ಕಾಗದವಾಗಿ, ಆಮೇಲೆ ರಟ್ಟಾಗಿ ಇಳಿಯುತ್ತದೆ.

ಮೂರು ಬಗೆಯದ್ದನ್ನು ಬೇರೆ ಇಡಿ. ಎಣ್ಣೆ ಹತ್ತಿದ್ದು ಒಂದು, ಏಕೆಂದರೆ ನೀರಿನಲ್ಲಿ ಕಲಸುವ ಕೆಲಸಕ್ಕೆ ಎಣ್ಣೆ ಶತ್ರು. ಅಂಗಡಿಯ ಬಿಲ್ಲಿನ ನುಣುಪು ಕಾಗದ ಇನ್ನೊಂದು. ಅದರಲ್ಲಿ ಶಾಯಿ ಇಲ್ಲ, ಬಿಸಿಗೆ ಕಪ್ಪಾಗುವ ರಾಸಾಯನಿಕದ ಲೇಪ ಇರುತ್ತದೆ, ಎಷ್ಟೋ ಕಡೆ ಅದು ದೇಹದ ಹಾರ್ಮೋನುಗಳಿಗೆ ಅಡ್ಡಿ ಮಾಡುವ ಬಿಸ್ಫಿನಾಲ್. ಮೂರನೆಯದು ಕಾಗದದ ಲೋಟ. ಹೆಸರಿಗೆ ಕಾಗದ, ಒಳಗೆ ಪ್ಲಾಸ್ಟಿಕ್ಕಿನ ತೆಳು ಪದರ. ಅದಿಲ್ಲದಿದ್ದರೆ ಲೋಟ ನೀರು ಹಿಡಿಯುವುದೇ ಇಲ್ಲವಲ್ಲ.

ಪ್ರಶ್ನೆ: ಜ್ಯೂಸು, ಹಾಲು ಬರುವ ಗಟ್ಟಿ ಕಾಗದದ ಪೊಟ್ಟಣ?

ಟೆಟ್ರಾ ಪ್ಯಾಕ್ ಮಾದರಿಯ ಪೊಟ್ಟಣದಲ್ಲಿ ಮುಕ್ಕಾಲು ಪಾಲು ರಟ್ಟು, ಶೇ 20ರಷ್ಟು ಪಾಲಿಥೀನ್, ಶೇ 5ರ ಸುಮಾರು ಅಲ್ಯೂಮಿನಿಯಂ. ದೊಡ್ಡ ಕಡೆಗೋಲಿನಂಥ ಯಂತ್ರದಲ್ಲಿ ನೀರು ಹಾಕಿ ಕಡೆದು ನಾರನ್ನು ಬಿಡಿಸುತ್ತಾರೆ. ಉಳಿದ ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಮಿಶ್ರಣವನ್ನು ಒತ್ತಿ ಹಲಗೆ ಮಾಡುತ್ತಾರೆ. ಅಂಥ ಯಂತ್ರ ಇರುವ ಕಡೆಗೆ ತಲುಪಿದರೆ ಮಾತ್ರ ಇದೆಲ್ಲ ಆಗುವುದು. ಖಾಲಿ ಮಾಡಿ, ಚಪ್ಪಟೆ ಮಾಡಿ, ಬೇರೆ ಕಟ್ಟಿಡಿ.

ಪ್ರಶ್ನೆ: ನಾನು ಪ್ಲಾಸ್ಟಿಕ್ ಬಿಟ್ಟು ಹತ್ತಿ ಚೀಲಕ್ಕೆ ಬದಲಾಗಿದ್ದೇನೆ. ಮನೆಯಲ್ಲಿ ಈಗ ಹತ್ತಿ ಚೀಲಗಳೇ ರಾಶಿ ಬಿದ್ದಿವೆ. ನಾನು ಮಾಡಿದ್ದು ಸರಿ ತಾನೇ?

ಬದಲಾದದ್ದು ಸರಿ. ರಾಶಿ ಸರಿಯಲ್ಲ.

ಒಂದು ವಸ್ತು ಒಳ್ಳೆಯದೋ ಕೆಟ್ಟದೋ ಅಂತ ನೋಡಲು ಅದರ ಪೂರ್ತಿ ಜೀವನ ನೋಡಬೇಕು. ಕಚ್ಚಾ ವಸ್ತು ಎಲ್ಲಿಂದ ಬಂತು, ಮಾಡಲು ಎಷ್ಟು ನೀರು, ಎಷ್ಟು ಶಕ್ತಿ ಬೇಕಾಯಿತು, ಸಾಗಿಸಲು ಎಷ್ಟು, ಎಷ್ಟು ದಿನ ಬಳಕೆಯಾಯಿತು, ಕೊನೆಗೆ ಎಲ್ಲಿ ಬಿತ್ತು. ಈ ಥರದ ಲೆಕ್ಕವನ್ನು ಮೊದಲು ಹಾಕಿಸಿದವರಲ್ಲಿ ಕೋಕಾ-ಕೋಲಾ ಕಂಪನಿ ಒಂದು. 1969ರಲ್ಲಿ ಬೇರೆ ಬೇರೆ ಬಗೆಯ ಬಾಟಲಿ, ಡಬ್ಬಿಗಳನ್ನು ಹೋಲಿಸಿ ನೋಡಲು ಅಮೆರಿಕದ ಮಿಡ್‌ವೆಸ್ಟ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ಗೆ ಈ ಕೆಲಸ ಒಪ್ಪಿಸಿತ್ತು. ಈಗ ಇದಕ್ಕೆ ಅಂತರರಾಷ್ಟ್ರೀಯ ಮಾನದಂಡವೇ ಇದೆ.

ಚೀಲಗಳ ಬಗ್ಗೆ ಇಂಗ್ಲೆಂಡಿನ ಪರಿಸರ ಸಂಸ್ಥೆ 2011ರಲ್ಲಿ ಇಂಥದ್ದೇ ಲೆಕ್ಕ ಪ್ರಕಟಿಸಿತು. ಒಂದು ಸಲ ಬಳಸಿ ಎಸೆಯುವ ತೆಳು ಪ್ಲಾಸ್ಟಿಕ್ ಚೀಲಕ್ಕಿಂತ ಹವಾಮಾನದ ಮೇಲಿನ ಹೊರೆ ಕಡಿಮೆಯಾಗಬೇಕಾದರೆ ಕಾಗದದ ಚೀಲವನ್ನು 3 ಸಲ ಬಳಸಬೇಕು. ಬಟ್ಟೆಯ ಹಾಗೆ ಕಾಣುವ, ನೇಯದ ಪಾಲಿಪ್ರಾಪಿಲೀನ್ ಪ್ಲಾಸ್ಟಿಕ್ಕಿನ ಚೀಲವನ್ನು 11 ಸಲ. ಹತ್ತಿ ಚೀಲವನ್ನು 131 ಸಲ. ಆ ಪ್ಲಾಸ್ಟಿಕ್ ಚೀಲವನ್ನೇ ಮತ್ತೆ ಕಸದ ಬುಟ್ಟಿಗೆ ಹಾಕಲು ಬಳಸಿದರೆ ಹತ್ತಿ ಚೀಲದ ಲೆಕ್ಕ 327ಕ್ಕೆ ಏರುತ್ತದೆ. ಹತ್ತಿ ಬೆಳೆಯಲು ನೀರು, ಗೊಬ್ಬರ, ನೂಲಲು ನೇಯಲು ವಿದ್ಯುತ್ತು, ಎಲ್ಲ ಬೇಕಲ್ಲ.

ಇದನ್ನು ಓದಿ ಪ್ಲಾಸ್ಟಿಕ್ ಚೀಲವೇ ಒಳ್ಳೆಯದು ಅಂತ ತೀರ್ಮಾನಿಸಬೇಡಿ. ಆ ಲೆಕ್ಕ ಹವಾಮಾನದ್ದು ಮಾತ್ರ. ಚರಂಡಿ ಕಟ್ಟಿಕೊಳ್ಳುವುದು, ದನ ನುಂಗುವುದು, ಆಮೆಯ ಹೊಟ್ಟೆ ಸೇರುವುದು ಅದರಲ್ಲಿ ಇಲ್ಲ. ಆ ಲೆಕ್ಕದಲ್ಲಿ ನಾನು ನೋಡುವುದು ಬಳಕೆಯ ಸಂಖ್ಯೆಯನ್ನು. ವಾರಕ್ಕೆ ಒಮ್ಮೆ ಅಂದರೂ 131 ಸಲ ಮುಟ್ಟಲು ಎರಡೂವರೆ ವರ್ಷ ಬೇಕು, ಗಟ್ಟಿ ಹತ್ತಿ ಚೀಲ ಅದಕ್ಕಿಂತ ಜಾಸ್ತಿ ಬಾಳುತ್ತದೆ. ಆದರೆ ಒಂದೇ ಚೀಲ ಹಾಗೆ ಬಾಳಬೇಕು. ಸಮಾರಂಭಕ್ಕೊಂದು, ಅಂಗಡಿಗೊಂದು ಅಂತ ಹೊಸದು ತೆಗೆದುಕೊಳ್ಳುತ್ತಾ ಹೋದರೆ ಯಾವುದೂ ಆ ಸಂಖ್ಯೆ ಮುಟ್ಟುವುದಿಲ್ಲ. ಇರುವುದರಲ್ಲಿ ಎರಡು ಮೂರು ಇಟ್ಟುಕೊಂಡು ಉಳಿದದ್ದನ್ನು ಬಳಸುವವರಿಗೆ ಕೊಟ್ಟುಬಿಡಿ, ಮುಂದೆ ಯಾರಾದರೂ ಸುಮ್ನೆ ಕೊಡಲು ಬಂದರೂ ಬೇಡ ಅನ್ನಿ.

ಪ್ರಶ್ನೆ: ಫ್ರಿಜ್ ಹಳೆಯದು, ಇನ್ನೂ ಓಡುತ್ತಿದೆ. ಹೊಸದು ಕಡಿಮೆ ಕರೆಂಟು ತಿನ್ನುತ್ತದಂತೆ. ಬದಲಾಯಿಸಲೇ? ಫೋನಿಗೂ ಇದೇ ಮಾತು ಅನ್ವಯಿಸುತ್ತದಾ?

ಎರಡಕ್ಕೂ ಉತ್ತರ ಬೇರೆ ಬೇರೆ, ಮತ್ತು ಆ ವ್ಯತ್ಯಾಸ ಗೊತ್ತಾದರೆ ಮನೆಯ ಬೇರೆ ಎಷ್ಟೋ ವಸ್ತುಗಳ ಬಗ್ಗೆ ನೀವೇ ತೀರ್ಮಾನ ಮಾಡಬಹುದು. ಫ್ರಿಜ್ ಹಗಲೂ ರಾತ್ರಿ ವರ್ಷಗಟ್ಟಲೆ ಓಡುವ ಯಂತ್ರ. ಅದರ ಜೀವನದ ಹೊರೆಯಲ್ಲಿ ದೊಡ್ಡ ಪಾಲು ತಯಾರಿಕೆಯದ್ದಲ್ಲ, ಓಡಿಸುವ ವಿದ್ಯುತ್ತಿನದ್ದು. ಹಾಗಾಗಿ ತೀರಾ ಹಳೆಯದಾಗಿ ತುಂಬಾ ಕರೆಂಟು ನುಂಗುತ್ತಿದ್ದರೆ ಬದಲಾಯಿಸುವುದರಲ್ಲಿ ಅರ್ಥವಿದೆ. ಬಾಗಿಲಿನ ರಬ್ಬರ್ ಸಡಿಲವಾಗಿದ್ದರೆ ಮೊದಲು ಅದನ್ನು ಹಾಕಿಸಿ ನೋಡಿ. ಹೊಸದು ತಂದು ಹಳೆಯದನ್ನು ಇನ್ನೊಂದು ಕೋಣೆಯಲ್ಲಿ ಓಡಿಸುತ್ತಾ ಇದ್ದರೆ ಮಾತ್ರ ಏನೂ ಉಳಿಯಲಿಲ್ಲ.

ಫೋನು ಇದರ ತದ್ವಿರುದ್ಧ. ಅದು ತಿನ್ನುವ ಕರೆಂಟು ಅತ್ಯಲ್ಪ. ಗಣಿಯಿಂದ ಲೋಹ ತೆಗೆದು, ಚಿಪ್ ಮಾಡಿ, ಜೋಡಿಸುವಷ್ಟರಲ್ಲೇ ಅದರ ಹೊರೆಯ ಹೆಚ್ಚಿನ ಪಾಲು ಮುಗಿದಿರುತ್ತದೆ. ಆದ್ದರಿಂದ ಫೋನನ್ನು ಇನ್ನೆರಡು ವರ್ಷ ಹೆಚ್ಚು ಬಳಸಿದರೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ. ಬ್ಯಾಟರಿ ಬದಲಾಯಿಸಿ, ಪರದೆ ಹಾಕಿಸಿ. ಲ್ಯಾಪ್‌ಟಾಪಿಗೂ ಇದೇ ಮಾತು.

ಹಳೇ ಫ್ರಿಜ್ ಸಾಗಹಾಕುವಾಗ ಒಂದು ಎಚ್ಚರಿಕೆ. ಅದರ ಕೊಳವೆಯಲ್ಲಿ ತಂಪು ಮಾಡುವ ಅನಿಲ ಇದೆ, ಗೋಡೆಯ ಫೋಮಿನಲ್ಲೂ ಇರಬಹುದು. ತುಂಬಾ ಹಳೆಯದಾದರೆ ಅದು ಓಝೋನ್ ಪದರ ತಿನ್ನುವ ಸಿಎಫ್‌ಸಿ, ಅದನ್ನು ನಿಲ್ಲಿಸಲೆಂದೇ 1987ರಲ್ಲಿ ಮಾಂಟ್ರಿಯಲ್ ಒಪ್ಪಂದ ಆದದ್ದು. ಆಮೇಲೆ ಬಂದ ಆರ್-134ಎ ಎಂಬ ಅನಿಲ ಓಝೋನನ್ನು ಮುಟ್ಟುವುದಿಲ್ಲ, ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡಿಗಿಂತ 1,400 ಪಟ್ಟು ಹೆಚ್ಚು ಬಲ ಅದಕ್ಕೆ. ತಾಮ್ರದ ಆಸೆಗೆ ಯಾರಾದರೂ ಕೊಳವೆ ಕತ್ತರಿಸಿದರೆ ಎಲ್ಲ ಒಂದೇ ಕ್ಷಣದಲ್ಲಿ ಗಾಳಿಗೆ. ಅನಿಲವನ್ನು ಹೀರಿ ತೆಗೆಯುವ ಸಲಕರಣೆ ಇರುವವರಿಗೇ ಕೊಡಿ, ಕೊಡುವ ಮೊದಲು ಕೇಳಿ ಖಚಿತ ಮಾಡಿಕೊಳ್ಳಿ.

ಪ್ರಶ್ನೆ: ಡ್ರಾಯರಿನಲ್ಲಿ ಹಳೇ ಫೋನುಗಳು, ಚಾರ್ಜರುಗಳು ತುಂಬಿವೆ. ಯಾರಿಗಾದರೂ ಕೊಡಲು ಭಯ, ಎಸೆಯಲು ಮನಸ್ಸಿಲ್ಲ.

ಈ ಪತ್ರ ಬರೆದವರು ಒಬ್ಬರಲ್ಲ! ಎಷ್ಟೋ ಮನೆಗಳ ಡ್ರಾಯರು ಹೀಗೇ ಇದೆ. ಅದರೊಳಗೆ ಇರುವುದು ಏನು ಅಂತ ತಿಳಿದರೆ ಅಲ್ಲಿ ಇಡಲು ಮನಸ್ಸಾಗುವುದಿಲ್ಲ. ಟೋಕಿಯೊ ಒಲಿಂಪಿಕ್ಸಿನ ಪದಕಗಳು ನೆನಪಿದೆಯಾ? ಅವನ್ನು ಪೂರ್ತಿಯಾಗಿ ಜನ ಕೊಟ್ಟ ಹಳೇ ಎಲೆಕ್ಟ್ರಾನಿಕ್ ಸಾಮಾನಿನಿಂದಲೇ ಮಾಡಿದರು. 2017ರ ಏಪ್ರಿಲ್‌ನಿಂದ 2019ರ ಮಾರ್ಚ್‌ವರೆಗೆ ಜಪಾನಿನ ಉದ್ದಗಲಕ್ಕೂ ಸಂಗ್ರಹ ನಡೆಯಿತು. ಸುಮಾರು 79 ಸಾವಿರ ಟನ್ ಸಣ್ಣ ಉಪಕರಣಗಳು, 62 ಲಕ್ಷದಷ್ಟು ಮೊಬೈಲ್ ಫೋನುಗಳು ಬಂದವು. ಅದರಿಂದ 32 ಕಿಲೋ ಚಿನ್ನ, 3,500 ಕಿಲೋ ಬೆಳ್ಳಿ, 2,200 ಕಿಲೋ ಕಂಚಿನ ಲೋಹ ಸಿಕ್ಕಿತು. ಒಂದು ಟನ್ ಫೋನಿನಲ್ಲಿ ಇರುವಷ್ಟು ಚಿನ್ನ ಒಂದು ಟನ್ ಚಿನ್ನದ ಅದಿರಿನಲ್ಲೂ ಇರುವುದಿಲ್ಲ, ಹತ್ತಾರು ಪಟ್ಟು ವ್ಯತ್ಯಾಸ.

ಆದರೂ ಲೋಕದ ಲೆಕ್ಕ ನಿರಾಸೆಯದ್ದು. ವಿಶ್ವಸಂಸ್ಥೆಯ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ ಎಲೆಕ್ಟ್ರಾನಿಕ್ ಕಸ 6.2 ಕೋಟಿ ಟನ್. ಸರಿಯಾದ ಕ್ರಮದಲ್ಲಿ ಸಂಗ್ರಹವಾಗಿ ರೀಸೈಕಲ್ ಆಯಿತು ಅಂತ ದಾಖಲೆ ಇರುವುದು ಶೇ 22.3ಕ್ಕೆ ಮಾತ್ರ. ಉಳಿದದ್ದರಲ್ಲಿ ಒಂದಷ್ಟು ಡ್ರಾಯರಿನಲ್ಲಿ, ಒಂದಷ್ಟು ಗುಂಡಿಯಲ್ಲಿ, ಒಂದಷ್ಟನ್ನು ಬಯಲಿನಲ್ಲಿ ಕೂತು ವೈರು ಸುಟ್ಟು, ಆಮ್ಲದಲ್ಲಿ ಅದ್ದಿ ಲೋಹ ತೆಗೆಯುತ್ತಾರೆ. ಆ ಹೊಗೆಯಲ್ಲಿ ಮಕ್ಕಳೂ ಇರುತ್ತಾರೆ. ಹಾಗಾಗಿ ಎಲ್ಲಿಗೆ ಕೊಡುತ್ತೀರಿ ಅನ್ನುವುದು ತುಂಬಾ ಮುಖ್ಯ. ಪರವಾನಗಿ ಇರುವ ಇ-ಕಸ ಸಂಗ್ರಹದವರಿಗೆ ಅಥವಾ ಹಳೆಯದನ್ನು ವಾಪಸು ತೆಗೆದುಕೊಳ್ಳುವ ಕಂಪನಿಗೇ ಕೊಡಿ.

ಭಯದ ವಿಷಯ. ಮೊದಲು ಬೇಕಾದ್ದನ್ನು ನಕಲು ಮಾಡಿಕೊಳ್ಳಿ. ಎಲ್ಲ ಖಾತೆಗಳಿಂದ ಹೊರಗೆ ಬನ್ನಿ. ಸಿಮ್, ಮೆಮೊರಿ ಕಾರ್ಡ್ ತೆಗೆಯಿರಿ. ಆಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ ಫ್ಯಾಕ್ಟರಿ ರೀಸೆಟ್ ಮಾಡಿ. ಈಗಿನ ಫೋನುಗಳಲ್ಲಿ ಮಾಹಿತಿಗೆ ಮೊದಲೇ ಬೀಗ ಹಾಕಿರುತ್ತದೆ, ರೀಸೆಟ್ ಮಾಡಿದಾಗ ಬೀಗದ ಕೀಲಿಯೇ ಅಳಿದುಹೋಗುತ್ತದೆ. ಸುತ್ತಿಗೆಯಿಂದ ಒಡೆಯುವುದು ಮಾತ್ರ ಬೇಡವೇ ಬೇಡ, ಒಳಗೆ ಬ್ಯಾಟರಿ ಇದೆ.

ಪ್ರಶ್ನೆ: ಬ್ಯಾಟರಿ ಅಂದಾಗ ನೆನಪಾಯಿತು, ರಿಮೋಟಿನ ಸೆಲ್ಲು, ಉಬ್ಬಿದ ಫೋನ್ ಬ್ಯಾಟರಿ, ಇವನ್ನೆಲ್ಲ ಕಸದ ಬುಟ್ಟಿಗೆ ಹಾಕಬಹುದಾ?

ಹಾಕಬೇಡಿ, ಯಾವುದನ್ನೂ. ಅಪಾಯ ಮಾತ್ರ ಒಂದೊಂದರದ್ದು ಒಂದೊಂದು ಬಗೆ.

ರಿಮೋಟಿನ ಸಾಮಾನ್ಯ ಆಲ್ಕಲೈನ್ ಸೆಲ್ಲಿನಲ್ಲಿ ಸತು, ಮ್ಯಾಂಗನೀಸ್, ಉಕ್ಕು ಇರುತ್ತದೆ. ಇವುಗಳಲ್ಲಿ ವಿಷ ಕಡಿಮೆ, ಆದರೆ ಲೋಹ ಪೂರ್ತಿ ದಂಡ. ಒಂದು ಡಬ್ಬಿಯಲ್ಲಿ ಕೂಡಿಟ್ಟು ಕೊಡಿ.

ಲಿಥಿಯಂ ಬ್ಯಾಟರಿ ಬೇರೆ ಮಾತು. ಫೋನು, ಪವರ್ ಬ್ಯಾಂಕು, ಟ್ರಿಮ್ಮರು, ಆಟಿಕೆ ಎಲ್ಲದರಲ್ಲೂ ಇದೇ. ಕಸದ ಲಾರಿಯಲ್ಲಿ ಜಜ್ಜಿದಾಗ ಒಳಗಿನ ಎರಡು ತುದಿ ಒಂದಕ್ಕೊಂದು ತಾಗಿ ಬೆಂಕಿ ಹತ್ತುತ್ತದೆ. ಸುತ್ತ ಒಣ ಕಾಗದ, ಪ್ಲಾಸ್ಟಿಕ್. ಎಷ್ಟೋ ದೇಶಗಳಲ್ಲಿ ಕಸದ ಲಾರಿ ಮತ್ತು ವಿಂಗಡಣೆ ಕೇಂದ್ರಗಳಿಗೆ ಬೆಂಕಿ ಬೀಳಲು ಈಗ ಇದೇ ದೊಡ್ಡ ಕಾರಣವಾಗಿದೆ. ತುದಿಗಳಿಗೆ ಟೇಪು ಅಂಟಿಸಿ ಕೊಡಿ. ಉಬ್ಬಿದ್ದನ್ನು ಒತ್ತಬೇಡಿ, ಚುಚ್ಚಬೇಡಿ, ಚಾರ್ಜ್ ಮಾಡಬೇಡಿ. ಬೆಂಕಿ ಹಿಡಿಯದ ಜಾಗದಲ್ಲಿ, ಉದಾಹರಣೆಗೆ ಮರಳು ಹಾಕಿದ ಲೋಹದ ಡಬ್ಬಿಯಲ್ಲಿ, ಬೇರೆ ಸಾಮಾನಿನಿಂದ ದೂರ ಇಟ್ಟು ಬೇಗ ಸಂಗ್ರಹ ಕೇಂದ್ರಕ್ಕೆ ಮುಟ್ಟಿಸಿ.

ಅಂಗಿಯ ಗುಂಡಿಯಂಥ ಪುಟ್ಟ ಸೆಲ್ಲಿನ ಬಗ್ಗೆ ಮನೆಯಲ್ಲಿ ಮಕ್ಕಳಿರುವವರು ದಯವಿಟ್ಟು ಗಮನ ಕೊಟ್ಟು ಓದಿ. ಮುಗಿದುಹೋದ ಸೆಲ್ಲು ಅಂದರೂ ಅದರಲ್ಲಿ ಸ್ವಲ್ಪ ಕರೆಂಟು ಉಳಿದಿರುತ್ತದೆ. ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಆಳವಾದ ಸುಟ್ಟ ಗಾಯ ಮಾಡಬಲ್ಲದು. ಅನುಮಾನ ಬಂದರೆ ಸಾಕು, ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಗೆ ಓಡಿ. ಸೆಲ್ಲು ಬದಲಾಯಿಸಿದ ತಕ್ಷಣ ಹಳೆಯದಕ್ಕೆ ಎರಡೂ ಕಡೆ ಟೇಪು ಸುತ್ತಿ ಕೈಗೆ ಸಿಗದ ಕಡೆ ಇಡಿ.

ವಾಹನದ, ಇನ್ವರ್ಟರಿನ ಸೀಸದ ಬ್ಯಾಟರಿಗೆ ಬೆಲೆ ಇದೆ, ಹಾಗಾಗಿ ಅದು ತಾನಾಗಿಯೇ ವಾಪಸು ಹೋಗುತ್ತದೆ. ಎಲ್ಲಿಗೆ ಹೋಗುತ್ತದೆ ಅನ್ನುವುದೇ ಪ್ರಶ್ನೆ. 2020ರ ಯುನಿಸೆಫ್ ವರದಿ ಜಗತ್ತಿನ ಮೂರು ಮಕ್ಕಳಲ್ಲಿ ಒಂದರ ರಕ್ತದಲ್ಲಿ, ಅಂದರೆ ಸುಮಾರು 80 ಕೋಟಿ ಮಕ್ಕಳಲ್ಲಿ, ಕಾಳಜಿ ಪಡುವಷ್ಟು ಸೀಸ ಇದೆ ಎಂದಿತು. ಇಂಥ ಬ್ಯಾಟರಿಗಳನ್ನು ಹಿತ್ತಲಿನಲ್ಲಿ ಒಡೆದು ಕರಗಿಸುವುದು ಅದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು. ಎರಡು ಕಾಸು ಹೆಚ್ಚು ಕೊಡುವ ಅಪರಿಚಿತನಿಗೆ ಮಾರಬೇಡಿ, ಹೊಸದು ಕೊಳ್ಳುವಾಗ ಹಳೆಯದನ್ನು ಮಾರಾಟಗಾರರಿಗೇ ವಾಪಸು ಕೊಡಿ.

ಪ್ರಶ್ನೆ: ಸಿಎಫ್‌ಎಲ್ ಬಲ್ಬು ಒಡೆದರೆ ಏನು ಮಾಡಬೇಕು?

ಅದರಲ್ಲಿ ಕೆಲವೇ ಮಿಲಿಗ್ರಾಂ ಪಾದರಸ ಇರುತ್ತದೆ, ಹೆದರಬೇಡಿ. ಮಕ್ಕಳನ್ನು ಹೊರಗೆ ಕಳಿಸಿ, ಕಿಟಕಿ ತೆರೆದು, ಹತ್ತು ಹದಿನೈದು ನಿಮಿಷ ಆ ಕೋಣೆ ಬಿಡಿ. ಆಮೇಲೆ ಗಟ್ಟಿ ಕಾಗದದಿಂದ ಚೂರು ಗೋರಿ, ಪುಡಿಯನ್ನು ಟೇಪಿನಿಂದ, ಒದ್ದೆ ಕಾಗದದಿಂದ ಎತ್ತಿ, ಎಲ್ಲವನ್ನೂ ಮುಚ್ಚಳದ ಗಾಜಿನ ಸೀಸೆಗೆ ಹಾಕಿ. ಪೊರಕೆ ಮತ್ತು ವ್ಯಾಕ್ಯೂಮ್ ಕ್ಲೀನರ್ ಬೇಡ, ಅವು ಪಾದರಸವನ್ನು ಎಲ್ಲ ಕಡೆ ಹರಡುತ್ತವೆ.

ಪ್ರಶ್ನೆ: ‘ಮಣ್ಣಲ್ಲಿ ಕರಗುವ ಪ್ಲಾಸ್ಟಿಕ್’ ಎಂದು ಬರೆದ ಚಮಚ, ಲೋಟಗಳನ್ನು ನಂಬಬಹುದಾ?

ಅರ್ಧ ನಂಬಿ. ಇವುಗಳಲ್ಲಿ ಹೆಚ್ಚಿನವು ಗಿಡದ ಸಕ್ಕರೆಯಿಂದ ಮಾಡಿದ ಪಿಎಲ್‌ಎ ಎಂಬ ಪ್ಲಾಸ್ಟಿಕ್. ಅದು ಕರಗುವುದು ನಿಜ, ಆದರೆ ಸುಮಾರು 60 ಡಿಗ್ರಿ ಬಿಸಿಯನ್ನು ವಾರಗಟ್ಟಲೆ ಕಾಯ್ದುಕೊಳ್ಳುವ ದೊಡ್ಡ ಗೊಬ್ಬರ ಘಟಕದಲ್ಲಿ. ಹಿತ್ತಲ ಗುಂಡಿಯಲ್ಲಿ ಅಷ್ಟು ಬಿಸಿ ನಿಲ್ಲುವುದಿಲ್ಲ, ಸಮುದ್ರದಲ್ಲಂತೂ ಇಲ್ಲವೇ ಇಲ್ಲ. ನೋಡಲು ಪೆಟ್ ಥರವೇ ಇರುವುದರಿಂದ ಪೆಟ್ ಜೊತೆ ಸೇರಿ ಅದನ್ನೂ ಕೆಡಿಸುತ್ತದೆ. ಇನ್ನೊಂದು ಬಗೆ ಇದೆ, ಸಾಮಾನ್ಯ ಪ್ಲಾಸ್ಟಿಕ್ಕಿಗೇ ಬೇಗ ಪುಡಿಯಾಗುವ ರಾಸಾಯನಿಕ ಸೇರಿಸಿದ್ದು. ಅದು ಕರಗುವುದಿಲ್ಲ, ಚೂರುಚೂರಾಗುತ್ತದೆ ಅಷ್ಟೇ. ಯುರೋಪಿಯನ್ ಒಕ್ಕೂಟ 2021ರಿಂದ ಅದನ್ನು ಮಾರಾಟಕ್ಕೆ ಇಡುವುದನ್ನೇ ನಿಷೇಧಿಸಿದೆ.

ಪ್ರಶ್ನೆ: ಅಲ್ಯೂಮಿನಿಯಂ ಹಾಳೆ, ತಂಪು ಪಾನೀಯದ ಡಬ್ಬಿ ಇಷ್ಟು ಹಗುರ. ಅದನ್ನು ಎತ್ತಿಡುವುದರಿಂದ ಏನು ಪ್ರಯೋಜನ?

ತುಂಬಾ ಪ್ರಯೋಜನ. ಒಂದು ಟನ್ ಅಲ್ಯೂಮಿನಿಯಂ ಬೇಕಾದರೆ ನಾಲ್ಕೈದು ಟನ್ ಬಾಕ್ಸೈಟ್ ಅಗೆಯಬೇಕು. ಅದನ್ನು ಶುದ್ಧ ಮಾಡಿ, 950 ಡಿಗ್ರಿಯ ಹತ್ತಿರದ ಬಿಸಿಯಲ್ಲಿ ವಿದ್ಯುತ್ ಹರಿಸಿ ಲೋಹ ಬಿಡಿಸುತ್ತಾರೆ. 1886ರಲ್ಲಿ ಕಂಡುಹಿಡಿದ ಈ ವಿಧಾನವೇ ಇವತ್ತಿಗೂ ನಡೆಯುತ್ತಿದೆ. ಹಳೇ ಡಬ್ಬಿಯಾದರೆ 660 ಡಿಗ್ರಿಗೆ ಕರಗಿಸಿದರೆ ಮುಗಿಯಿತು, ಖರ್ಚಾಗುವ ಶಕ್ತಿ ಶೇ 5ರಷ್ಟು. ಹಾಳೆಯ ಚೂರುಗಳನ್ನು ಒರೆಸಿ, ಕೂಡಿಸಿ, ಒಂದು ಮುಷ್ಟಿ ಗಾತ್ರದ ಉಂಡೆಯಾದ ಮೇಲೆ ಕೊಡಿ. ಬಿಡಿ ಚೂರು ಕಳೆದುಹೋಗುತ್ತದೆ.

ಪ್ರಶ್ನೆ: ಹಳೇ ಬಟ್ಟೆಯನ್ನು ಸಂಗ್ರಹ ಪೆಟ್ಟಿಗೆಗೆ ಹಾಕಿದರೆ ಅದರಿಂದ ಹೊಸ ಬಟ್ಟೆ ಆಗುತ್ತದಾ?

ಬಹುತೇಕ ಆಗುವುದಿಲ್ಲ. ವಸ್ತುಗಳ ಮರುಬಳಕೆಗಾಗಿ ಕೆಲಸ ಮಾಡುವ ಎಲೆನ್ ಮ್ಯಾಕ್‌ಆರ್ಥರ್ ಪ್ರತಿಷ್ಠಾನದ 2017ರ ವರದಿಯ ಪ್ರಕಾರ ಬಟ್ಟೆಗೆ ಬಳಸುವ ವಸ್ತುವಿನಲ್ಲಿ ಮತ್ತೆ ಬಟ್ಟೆಯಾಗುವುದು ಶೇ 1ಕ್ಕಿಂತ ಕಡಿಮೆ. ಹತ್ತಿ ಮತ್ತು ಪಾಲಿಯೆಸ್ಟರ್ ಬೆರೆಸಿ ನೂತ ದಾರವನ್ನು ಬಿಡಿಸುವುದು ಅಷ್ಟು ಕಷ್ಟ. ಹೆಚ್ಚಿನದು ಒರೆಸುವ ಬಟ್ಟೆ, ಹಾಸಿಗೆಯ ಒಳತುಂಬು ಆಗುತ್ತದೆ. ಹಾಗಾಗಿ ಹೊಲಿಸಿ, ಬಿಗಿ ಮಾಡಿಸಿ, ಹಾಕಿಕೊಳ್ಳುವವರಿಗೆ ನೇರ ಕೊಡಿ. ಹೊಸದು ಕೊಳ್ಳುವಾಗ ಪೂರ್ತಿ ಒಂದೇ ನಾರಿನದ್ದು ಸಿಕ್ಕರೆ ಅದನ್ನೇ ಆರಿಸಿ.

ಪ್ರಶ್ನೆ: ನಾವು ಇಷ್ಟೆಲ್ಲ ಬೇರೆ ಮಾಡಿ ಕೊಟ್ಟರೂ ಲಾರಿಯವರು ಒಟ್ಟಿಗೇ ಸುರಿಯುತ್ತಾರೆ. ಮತ್ತೆ ಯಾಕೆ ಈ ಕಷ್ಟ?

ಈ ಬೇಸರ ನ್ಯಾಯವಾದದ್ದೇ. ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ, ಕೆಲವು ಲಾರಿಗಳ ಒಳಗೆ ಎರಡು ಭಾಗ ಇರುತ್ತದೆ, ಹೊರಗಿಂದ ಕಾಣುವುದಿಲ್ಲ. ನಿಜವಾಗಿಯೂ ಬೆರೆಸುತ್ತಿದ್ದರೆ ಸುಮ್ನಿರಬೇಡಿ. ಒಬ್ಬರ ದೂರಿಗಿಂತ ಬೀದಿಯವರೆಲ್ಲ ಸಹಿ ಮಾಡಿದ ದೂರಿಗೆ ಬೆಲೆ ಹೆಚ್ಚು. ಅಲ್ಲಿಯವರೆಗೆ ಬೆಲೆ ಬರುವ ಕಾಗದ, ಲೋಹ, ಗಟ್ಟಿ ಪ್ಲಾಸ್ಟಿಕ್ಕನ್ನು ಲಾರಿಗೆ ಕೊಡದೆ ನೇರ ಗುಜರಿಯವರಿಗೆ ಕೊಡಿ. ಅವರು ಬೆರೆಸುವುದಿಲ್ಲ, ಬೆರೆಸಿದರೆ ಅವರಿಗೇ ನಷ್ಟ. ಹಸಿ ಕಸವನ್ನು ಮನೆಯಲ್ಲೇ ಗೊಬ್ಬರ ಮಾಡಲು ಆದರೆ ಇನ್ನೂ ಒಳ್ಳೆಯದು, ಆಗ ಒಣ ಕಸವನ್ನು ಕೆಡಿಸುವ ಮುಖ್ಯ ವಸ್ತುವೇ ಇಲ್ಲವಾಗುತ್ತದೆ.

ಪ್ರಶ್ನೆ: ಅವಧಿ ಮುಗಿದ ಮಾತ್ರೆಗಳನ್ನು ಶೌಚಾಲಯಕ್ಕೆ ಹಾಕಿ ನೀರು ಬಿಟ್ಟರೆ ಸಾಕಲ್ವಾ?

ಸಾಮಾನ್ಯವಾಗಿ ಹಾಗೆ ಮಾಡಬೇಡಿ. ಕೊಳಚೆ ನೀರು ಶುದ್ಧ ಮಾಡುವ ಘಟಕಗಳು ಔಷಧವನ್ನು ಪೂರ್ತಿ ತೆಗೆಯುವುದಿಲ್ಲ, ನದಿ ಸೇರಿದ ಆ್ಯಂಟಿಬಯಾಟಿಕ್ ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಔಷಧವನ್ನೇ ಎದುರಿಸುವುದನ್ನು ಕಲಿಸುತ್ತದೆ. ವಾಪಸು ತೆಗೆದುಕೊಳ್ಳುವ ಔಷಧಿ ಅಂಗಡಿ ಇದ್ದರೆ ಅಲ್ಲಿಗೆ ಕೊಡಿ. ಇಲ್ಲದಿದ್ದರೆ ಮಾತ್ರೆಗಳನ್ನು ಹಾಳೆಯಿಂದ ಬಿಡಿಸಿ, ಪುಡಿ ಮಾಡದೆ, ಮಣ್ಣು ಅಥವಾ ಬಳಸಿದ ಚಹಾ ಪುಡಿಯ ಜೊತೆ ಕಲಸಿ, ಬಿಗಿಯಾಗಿ ಕಟ್ಟಿ, ರೀಸೈಕಲ್‌ಗೆ ಹೋಗದ ಕಸಕ್ಕೆ ಹಾಕಿ. ಮಾತ್ರೆಯ ಖಾಲಿ ಹಾಳೆ ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಅಂಟಿಸಿದ್ದು, ಅದನ್ನು ಉಳಿದ ಅಲ್ಯೂಮಿನಿಯಂ ಜೊತೆ ಸೇರಿಸಬೇಡಿ. ಔಷಧಿಯ ಗಾಜಿನ ಸೀಸೆ ಮಾತ್ರ ತೊಳೆದು ಬೇರೆ ಇಡಬಹುದು, ಚೀಟಿಯ ಮೇಲಿನ ಹೆಸರು ಅಳಿಸಿ.